ಮೂವರೇ ನಡೆಸುವ ಮುಕ್ತ ತಂತ್ರಾಂಶಕ್ಕೆ ಬಿಡುಗಡೆಯ ವೇಳಾಪಟ್ಟಿಯನ್ನೂ ಹಳೆಯ ಬ್ರಾಂಚಿನ ಅವಧಿಯನ್ನೂ ಹೇಗೆ ನಿರ್ಧರಿಸಬೇಕು?

ಪ್ರಶ್ನೆ: ಅಕ್ಷರಜೋಡಣೆ

ಎಲ್ಲರಿಗೂ ನಮಸ್ಕಾರ. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಒಂದು ಮುಕ್ತ ತಂತ್ರಾಂಶ ಲೈಬ್ರರಿಯನ್ನು ನಾವು ಮೂವರು ಗೆಳೆಯರು ಆರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ಮೂವರಿಗೂ ಹಗಲು ಬೇರೆ ಉದ್ಯೋಗವಿದೆ. ಈ ಕೆಲಸ ನಡೆಯುವುದು ರಾತ್ರಿ ಊಟವಾದ ಮೇಲೆ ಮತ್ತು ಭಾನುವಾರಗಳಲ್ಲಿ. ಬಿಡುಗಡೆಯ ವೇಳಾಪಟ್ಟಿ ಎಂಬುದು ನಮಗೆ ಇದುವರೆಗೆ ಇರಲೇ ಇಲ್ಲ. ಒಂದಿಷ್ಟು ಕೆಲಸ ಕೂಡಿಬಂದಾಗ ಆವೃತ್ತಿಯ ಗುರುತು (ಟ್ಯಾಗ್) ಹಾಕಿ ಹೊರಗೆ ಬಿಡುತ್ತಿದ್ದೆವು. ಕಳೆದ ವರ್ಷ 2.0 ಆವೃತ್ತಿ ಬಂತು. ಅದರಲ್ಲಿ ಮುಖ್ಯ ಫಂಕ್ಷನ್ನಿನ ಸ್ವರೂಪವೇ ಬದಲಾದ್ದರಿಂದ ಹಳೆಯ ಬಳಕೆದಾರರಲ್ಲಿ ಅನೇಕರು 1.9ರಲ್ಲೇ ಉಳಿದುಕೊಂಡರು. ಹೀಗೆ, ನಾವು ಯೋಚಿಸಿ ತೀರ್ಮಾನಿಸದೆಯೇ ನಮಗೆ ಎರಡು ಬ್ರಾಂಚುಗಳಾದವು, ಅಂದರೆ ಒಂದೇ ಕೋಡಿನ ಎರಡು ಕವಲುಗಳು: ಹಳೆಯ 1.x, ಹೊಸ 2.x.

ತೊಂದರೆ ಎದುರಾದದ್ದು ಎರಡು ತಿಂಗಳ ಹಿಂದೆ. ಅರ್ಕಾವತ್ತು ಮತ್ತು ಒತ್ತಕ್ಷರ ಒಟ್ಟಿಗೆ ಬಂದಾಗ ನಮ್ಮ ಲೈಬ್ರರಿ ತಪ್ಪುತ್ತಿತ್ತು. ‘ಸಾಮರ್ಥ್ಯ’ ಎಂಬುದು ‘ಸಾಮಥ್ರ್ಯ’ ಎಂದಾಗುತ್ತಿತ್ತು. ಜಾಲತಾಣಗಳಲ್ಲಿ ‘ವಿದ್ಯಾಥರ್ಿ’ ಎಂದು ಓದಿ ಬೇಸರಪಟ್ಟವರಿಗೆಲ್ಲ ಈ ಜಾತಿಯ ತಪ್ಪು ಗೊತ್ತಿರುತ್ತದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ, ಅಂದರೆ ಇಡೀ ಒತ್ತಕ್ಷರಕ್ಕಿಂತ ಮೊದಲು ಬರಬೇಕು. 2.xನಲ್ಲಿ ಇದನ್ನು ಸರಿಪಡಿಸಿದೆವು. 1.9ಕ್ಕೂ ಬೇಕೆಂದು ಒಬ್ಬರು ಕೇಳಿದಾಗ, ಬದಲಾವಣೆಯನ್ನು ಕೈಯಿಂದಲೇ ನಕಲು ಮಾಡಿ 1.9.3 ಎಂದು ಬಿಟ್ಟೆವು. ಆ ನಕಲಿನ ಜೊತೆಗೆ 2.xನಲ್ಲಿ ಮಾಡಿದ್ದ ಇನ್ನೊಂದು ‘ಶುಚಿ ಕೆಲಸ’ವೂ ಒಳಗೆ ಬಂದುಬಿಟ್ಟಿತ್ತು: ಪದದ ನಡುವಿನ ಅರ್ಧಾಕ್ಷರದ ನಂತರ ಹಾಕುತ್ತಿದ್ದ ಜೀರೋ ವಿಡ್ತ್ ನಾನ್ ಜಾಯ್ನರ್ ಅನ್ನು (ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ) ಕೆಲವು ಸಂದರ್ಭಗಳಲ್ಲಿ ಬಿಡುವುದು. ಪುಸ್ತಕಗಳನ್ನು ಡಿಜಿಟಲೀಕರಿಸುತ್ತಿರುವ ಒಂದು ಗ್ರಂಥಾಲಯದವರು 1.9.3 ಹಾಕಿಕೊಂಡ ಮೇಲೆ ಅವರ ಹುಡುಕಾಟದಲ್ಲಿ ಹಳೆಯ ಪುಸ್ತಕಗಳ ‘ರಾಜ್‌ಕುಮಾರ್’ ಒಂದು ಪದವಾಯಿತು, ಹೊಸ ಪುಸ್ತಕಗಳದ್ದು ಇನ್ನೊಂದಾಯಿತು. ಒಂದನ್ನು ಹುಡುಕಿದರೆ ಮತ್ತೊಂದು ಸಿಗದು. ಅವರು ನಮ್ಮನ್ನು ನಂಬಿ ಆ ಪ್ಯಾಚ್ (ತಿದ್ದುಪಡಿ) ಹಾಕಿಕೊಂಡಿದ್ದರು ಎಂಬುದೇ ನನ್ನನ್ನು ಈಗಲೂ ಕಾಡುತ್ತಿದೆ.

ಆದ್ದರಿಂದ ಅನುಭವಸ್ಥರಲ್ಲಿ ಕೇಳುತ್ತಿದ್ದೇನೆ. ಇಂತಿಷ್ಟು ತಿಂಗಳಿಗೊಮ್ಮೆ ಬಿಡುಗಡೆ ಎಂದು ದಿನ ಗೊತ್ತುಮಾಡಿಕೊಳ್ಳುವುದು ಮೂವರ ತಂಡಕ್ಕೆ ಸಾಧ್ಯವೇ, ಅಥವಾ ಕೆಲಸ ಮುಗಿದಾಗ ಬಿಡುಗಡೆ ಎಂಬ ರೂಢಿಯೇ ಒಳ್ಳೆಯದೇ? ತಪ್ಪನ್ನು ಮೊದಲು ಯಾವ ಬ್ರಾಂಚಿನಲ್ಲಿ ಸರಿಪಡಿಸಬೇಕು? 1.xಗೆ ಎಷ್ಟು ಕಾಲದ ಭರವಸೆ ಕೊಡಬಹುದು?

ಉತ್ತರ: ಮಲೆನಾಡಿಗ

ಅಕ್ಷರಜೋಡಣೆ ಅವರೇ, ನಡೆದದ್ದನ್ನು ಮುಚ್ಚಿಡದೆ ಬರೆದಿದ್ದೀರಿ, ಹಾಗಾಗಿ ಉತ್ತರಿಸುವುದು ಸುಲಭವಾಯಿತು. ಕೆಲವು ಮುಕ್ತ ತಂತ್ರಾಂಶಗಳ ಹಳೆಯ ಬ್ರಾಂಚುಗಳಿಗೆ ಪ್ಯಾಚ್ ಒಯ್ಯುವ ಕೆಲಸವನ್ನು ನಾನು ಬಹುಕಾಲದಿಂದ ಮಾಡುತ್ತಿದ್ದೇನೆ. ಮೂರೂ ಪ್ರಶ್ನೆಗಳು ಒಂದನ್ನೊಂದು ಹಿಡಿದುಕೊಂಡಿವೆ, ಆದರೂ ವೇಳಾಪಟ್ಟಿಯಿಂದಲೇ ಶುರುಮಾಡುತ್ತೇನೆ.

ಕೆಲಸ ಮುಗಿದಾಗ ಬಿಡುಗಡೆ ಎಂಬ ಪದ್ಧತಿಗೆ ಲಿನಕ್ಸ್ ಕರ್ನಲ್ (ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳು) ಎಷ್ಟು ಬೆಲೆ ತೆತ್ತಿತು ಎಂಬುದನ್ನು ನೋಡಿ. 2.4.0 ಬಂದದ್ದು 2001ರ ಜನವರಿಯಲ್ಲಿ. ಮುಂದಿನ ಸ್ಥಿರ ಸರಣಿಯ 2.6.0 ಬಂದದ್ದು 2003ರ ಡಿಸೆಂಬರಿನಲ್ಲಿ. ನಡುವೆ ಸುಮಾರು ಮೂರು ವರ್ಷ ಕಳೆಯಿತು, 2001ರ ಕೊನೆಯಿಂದ ಹೊಸ ಕೆಲಸವೆಲ್ಲ 2.5 ಎಂಬ ಬೆಸಸಂಖ್ಯೆಯ ಅಭಿವೃದ್ಧಿ ಸರಣಿಯಲ್ಲಿ ಕೂಡಿಬೀಳುತ್ತಿತ್ತು. ಬಳಕೆದಾರರು ಅಷ್ಟು ಕಾಲ ಕಾಯುವುದಿಲ್ಲವಾದ್ದರಿಂದ ಲಿನಕ್ಸ್ ವಿತರಣೆಗಳನ್ನು (ಬಳಕೆಗೆ ಸಿದ್ಧವಾದ ಪೂರ್ಣ ಲಿನಕ್ಸ್ ಕಟ್ಟುಗಳನ್ನು) ಸಿದ್ಧಪಡಿಸುವ ಕಂಪನಿಗಳು ಅಲ್ಲಿಂದ ಬೇಕುಬೇಕಾದ್ದನ್ನು ಕಿತ್ತು ತಮ್ಮ ತಮ್ಮ 2.4ಕ್ಕೆ ಹೊಲಿದುಕೊಂಡವು, ಹೆಸರು ಒಂದೇ ಆದರೂ ಒಬ್ಬರ 2.4 ಇನ್ನೊಬ್ಬರ 2.4ರಂತೆ ಇರಲಿಲ್ಲ. ಆಮೇಲೆ ಆ ಪದ್ಧತಿಯನ್ನೇ ಬಿಟ್ಟರು. ಈಗ ಪ್ರತಿ ಬಿಡುಗಡೆಯಾದ ಮೇಲೆ ಎರಡು ವಾರ ಮಾತ್ರ ಹೊಸ ಕೆಲಸಕ್ಕೆ ಬಾಗಿಲು ತೆರೆದಿರುತ್ತದೆ, ನಂತರ ವಾರಕ್ಕೊಂದರಂತೆ ಪರೀಕ್ಷಾ ಆವೃತ್ತಿಗಳು ಬರುತ್ತವೆ, ಒಂಬತ್ತು ಅಥವಾ ಹತ್ತು ವಾರಕ್ಕೆ ಬಿಡುಗಡೆ ಆಗಿಯೇ ಆಗುತ್ತದೆ.

ನಮ್ಮ ಊರಿನ ಬಸ್ಸಿನ ಹಾಗೆ. ಇದೇ ಕೊನೆಯ ಬಸ್ಸು ಎಂದಾದರೆ ಜನ ಬಾಗಿಲಲ್ಲಿ ನೇತಾಡಿಕೊಂಡಾದರೂ ಹೋಗುತ್ತಾರೆ. ಅರ್ಧ ಗಂಟೆಗೆ ಇನ್ನೊಂದು ಇದೆ ಎಂದು ಗೊತ್ತಿದ್ದರೆ ಅವಸರಪಡುವುದಿಲ್ಲ. ಅರೆಬೆಂದ ಕೆಲಸ ಬಿಡುಗಡೆಯೊಳಗೆ ನುಗ್ಗುವುದು ಮುಂದಿನ ಬಿಡುಗಡೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲದಿದ್ದಾಗ. ಆದ್ದರಿಂದ ದಿನ ಗೊತ್ತುಮಾಡಿಕೊಳ್ಳುವುದು ದೊಡ್ಡ ತಂಡಗಳಿಗಿಂತ ಸಣ್ಣ ತಂಡಗಳಿಗೇ ಹೆಚ್ಚು ಅಗತ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಿದ್ಧವಾಗದ ಕೆಲಸವನ್ನು ಮುಂದಿನ ಸಲಕ್ಕೆ ಬಿಡಿ, ದಿನವನ್ನು ಮುಂದೂಡಬೇಡಿ. ಮುಂದೂಡಲೇಬೇಕಾದರೆ ಹೊಸ ದಿನಾಂಕವನ್ನು ಮೊದಲೇ ಎಲ್ಲರೆದುರು ಹೇಳಿ. ಉಬುಂಟು ಎಂಬ ಲಿನಕ್ಸ್ ವಿತರಣೆ 2006ರಲ್ಲಿ ಏಪ್ರಿಲ್ ಬಿಡುಗಡೆಯನ್ನು ಜೂನ್‌ಗೆ ತಳ್ಳಿದಾಗ ಹಾಗೆಯೇ ಮಾಡಿತು, ವರ್ಷ ಮತ್ತು ತಿಂಗಳನ್ನು ಸೂಚಿಸುವ ಅದರ ಸಂಖ್ಯೆಯೇ 6.06 ಎಂದಾಯಿತು.

ನಿಮಗೆ ವರ್ಷಕ್ಕೆ ಎರಡು ಬಿಡುಗಡೆ ಸಾಕು. ಜನವರಿ ಮತ್ತು ಜುಲೈ ಆಗಬಹುದು. ಮಾರ್ಚ್ ಕೊನೆಯಲ್ಲಿ ಎಲ್ಲರಿಗೂ ಕಚೇರಿಯ ಲೆಕ್ಕಪತ್ರದ ಒತ್ತಡ, ದಸರೆಯಿಂದ ದೀಪಾವಳಿಯವರೆಗೆ ಮನೆಯ ಒತ್ತಡ. ಆ ತಿಂಗಳುಗಳಲ್ಲಿ ಬಿಡುಗಡೆ ಇಟ್ಟುಕೊಂಡರೆ ಮೊದಲ ವರ್ಷವೇ ಮಾತು ತಪ್ಪುತ್ತದೆ. ಬಿಡುಗಡೆಗೆ ನಾಲ್ಕು ವಾರ ಮೊದಲು ಬ್ರಾಂಚ್ ಕವಲೊಡೆಯಲಿ, ಅಲ್ಲಿ ತಪ್ಪು ತಿದ್ದುವುದು ಮಾತ್ರ ನಡೆಯಲಿ, ಹೊಸ ಕೆಲಸ ಮುಖ್ಯ ಬ್ರಾಂಚಿನಲ್ಲಿ ನಿಲ್ಲದೆ ಮುಂದುವರಿಯಲಿ.

ಎರಡನೆಯ ಪ್ರಶ್ನೆಯೇ ನಿಮ್ಮ ಸಂಕಟದ ಮೂಲ. ಇದರಲ್ಲಿ ಮೂರು ದಾರಿಗಳು ಚಾಲ್ತಿಯಲ್ಲಿವೆ. ಕರ್ನಲ್‌ನಲ್ಲಿ ತಿದ್ದುಪಡಿ ಮೊದಲು ಮುಖ್ಯ ಮರಕ್ಕೆ ಸೇರಬೇಕು, ಆಮೇಲಷ್ಟೇ ಸ್ಥಿರ ಬ್ರಾಂಚಿಗೆ ಇಳಿಯಬೇಕು. ಹೀಗಾದಾಗ ಹಳೆಯದರಲ್ಲಿ ಸರಿಯಾದದ್ದು ಹೊಸದರಲ್ಲಿ ಮತ್ತೆ ಕೆಡುವ ಪ್ರಮೇಯ ಬರುವುದಿಲ್ಲ. ಕೋಡಿನ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್ ತಂತ್ರಾಂಶದ ಯೋಜನೆ ಇದರ ತಿರುವುಮುರುವು: ತಪ್ಪು ಇರುವ ಅತಿ ಹಳೆಯ ಬ್ರಾಂಚಿನ ಮೇಲೆ ತಿದ್ದುಪಡಿಯನ್ನು ಕಟ್ಟಿ, ಅಲ್ಲಿಂದ ಮೇಲಕ್ಕೆ ಒಂದೊಂದಾಗಿ ಮರ್ಜ್ (ವಿಲೀನ) ಮಾಡುತ್ತಾರೆ, ಯಾವ ಬ್ರಾಂಚಿನಲ್ಲಿ ಯಾವ ತಿದ್ದುಪಡಿ ಇದೆ ಎಂಬ ಲೆಕ್ಕವನ್ನು ಇತಿಹಾಸವೇ ಇಟ್ಟುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಕಮಿಟ್ ಮಾಡುವವರೇ (ಬದಲಾವಣೆಯನ್ನು ಕೋಡಿಗೆ ಸೇರಿಸಿ ದಾಖಲಿಸುವವರೇ) ಬೆಂಬಲದಲ್ಲಿರುವ ಎಲ್ಲ ಬ್ರಾಂಚುಗಳಿಗೂ ಒಂದೇ ಸಂದೇಶದೊಡನೆ ತಿದ್ದುಪಡಿಯನ್ನು ಒಟ್ಟಿಗೆ ಹಾಕುತ್ತಾರೆ.

ನಿಮ್ಮ 1.x ಮತ್ತು 2.x ಈಗಾಗಲೇ ಬಹಳ ದೂರ ಸರಿದಿರುವುದರಿಂದ ಮೇಲಕ್ಕೆ ಮರ್ಜ್ ಮಾಡುವ ದಾರಿ ನಿಮಗೆ ಹೊಂದುವುದಿಲ್ಲ. ಪ್ರತಿ ಸಲವೂ ಘರ್ಷಣೆ ಬಿಡಿಸುವುದೇ ಕೆಲಸವಾಗುತ್ತದೆ. ಮೊದಲು 2.x, ನಂತರ ಚೆರ್ರಿ-ಪಿಕ್ ಮಾಡಿ (ಬೇಕಾದ ಒಂದು ಕಮಿಟ್ಟನ್ನು ಮಾತ್ರ ಗಿಟ್‌ನಿಂದಲೇ ಆರಿಸಿ ಒಯ್ದು) 1.x ಎಂದು ಇಟ್ಟುಕೊಳ್ಳಿ. ಚೆರ್ರಿ-ಪಿಕ್ ಮಾಡುವಾಗ ‘ಎಕ್ಸ್’ ಆಯ್ಕೆಯನ್ನು ತಪ್ಪದೆ ಕೊಟ್ಟರೆ ಮೂಲ ಕಮಿಟ್ಟಿನ ಗುರುತು ಸಂದೇಶದಲ್ಲೇ ದಾಖಲಾಗುತ್ತದೆ. ಕೈಯಿಂದ ನಕಲು ಮಾಡುವುದನ್ನು ಇಂದಿನಿಂದಲೇ ನಿಲ್ಲಿಸಿ. ನಕಲಿನಲ್ಲಿ ಏನೇನು ಬಂತು ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ, ನಿಮಗೆ ಆದದ್ದು ಅದೇ.

ಹಳೆಯ ಬ್ರಾಂಚಿಗೆ ಏನು ಹೋಗಬಹುದು ಎಂಬುದಕ್ಕೂ ಬರೆದಿಟ್ಟ ನಿಯಮ ಬೇಕು. ಕರ್ನಲ್‌ನ ಸ್ಥಿರ ಬ್ರಾಂಚಿನ ನಿಯಮಗಳಲ್ಲಿ ಒಂದು ನನಗೆ ತುಂಬ ಹಿಡಿಸಿದ್ದು: ಪ್ಯಾಚ್ ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು, ಮತ್ತು ಅದು ನಿಜವಾಗಿ ಜನರನ್ನು ಕಾಡುತ್ತಿರುವ ತಪ್ಪನ್ನು ಸರಿಪಡಿಸಬೇಕು. ನಿಮ್ಮ ಲೈಬ್ರರಿಗೆ ಇದರ ಮೇಲೆ ಇನ್ನೊಂದು ನಿಯಮ ಬೇಕಾಗುತ್ತದೆ. ಪರಿವರ್ತಕದ ವಿಷಯದಲ್ಲಿ ಫಂಕ್ಷನ್ನಿನ ಹೆಸರಷ್ಟೇ ಒಪ್ಪಂದವಲ್ಲ, ಹೊರಬರುವ ಪಠ್ಯದ ಪ್ರತಿಯೊಂದು ಕೋಡ್ ಪಾಯಿಂಟೂ (ಯೂನಿಕೋಡಿನಲ್ಲಿ ಪ್ರತಿ ಚಿಹ್ನೆಗಿರುವ ಸಂಖ್ಯೆ) ಒಪ್ಪಂದ. ‘ಸಾಮಥ್ರ್ಯ’ ಎಂಬುದು ಯಾವ ಓದುಗರಿಗೂ ತಪ್ಪೇ ಆದ್ದರಿಂದ ಅದನ್ನು ಹಳೆಯ ಬ್ರಾಂಚಿನಲ್ಲಿ ಸರಿಪಡಿಸಬಹುದು. ನಾನ್ ಜಾಯ್ನರ್ ಬಿಡುವುದು ತಪ್ಪಿನ ತಿದ್ದುಪಡಿಯಲ್ಲ, ನಿಮ್ಮ ಅಭಿರುಚಿಯ ಬದಲಾವಣೆ. ಅದು ಹೊಸ ಆವೃತ್ತಿಯಲ್ಲೇ ಬರಬೇಕಿತ್ತು, ಅಲ್ಲಿಯೂ ಸೂಚನೆ ಕೊಟ್ಟು ಬರಬೇಕಿತ್ತು.

ಉತ್ತರ: ಪ್ಯಾಕೇಜು ಕಟ್ಟುವವ

ಮಲೆನಾಡಿಗ ಅವರ ಮಾತಿಗೆ ನನ್ನ ಸಹಮತವಿದೆ. ಲಿನಕ್ಸ್ ವಿತರಣೆಗೆ ಪ್ಯಾಕೇಜು ಸಿದ್ಧಪಡಿಸುವವನಾಗಿ ಎರಡು ವಿಷಯಗಳನ್ನು ಸೇರಿಸುತ್ತೇನೆ.

ಡೆಬಿಯನ್ ಎಂಬ ಲಿನಕ್ಸ್ ವಿತರಣೆ ದಿನಾಂಕ ನೋಡಿಕೊಂಡು ಬಿಡುಗಡೆ ಮಾಡುವುದಿಲ್ಲ, ಸಿದ್ಧವಾದಾಗ ಮಾಡುತ್ತದೆ ಎಂಬುದು ಪ್ರಸಿದ್ಧ. ಆದರೆ ಫ್ರೀಜ್ ಎಂಬುದಕ್ಕೆ, ಅಂದರೆ ಹೊಸ ಬದಲಾವಣೆಗಳನ್ನು ಒಳಗೆ ಬಿಡದಿರುವುದಕ್ಕೆ, ಈಗ ಅಲ್ಲಿಯೂ ದಿನಾಂಕವಿದೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ಕ್ಕೆ ಆ ವರ್ಷದ ಮಾರ್ಚ್‌ನಿಂದಲೇ ಹಂತಹಂತವಾಗಿ ಬಾಗಿಲು ಮುಚ್ಚುತ್ತಾ ಬಂದರು. ಫ್ರೀಜ್ ಆದಾಗ ಒಳಗಿದ್ದ ಆವೃತ್ತಿಯೇ ಮುಂದಿನ ಹಲವು ವರ್ಷ ಬಳಕೆದಾರರ ಕೈಯಲ್ಲಿ ಉಳಿಯುತ್ತದೆ. ಭದ್ರತೆಯ ಮತ್ತು ಗಂಭೀರ ತಪ್ಪುಗಳ ತಿದ್ದುಪಡಿಗಳನ್ನು ಮಾತ್ರ ಅದೇ ಹಳೆಯ ಆವೃತ್ತಿಗೆ ಒಯ್ಯುತ್ತೇವೆ. ನೀವು 1.xಗೆ ಬೆಂಬಲ ನಿಲ್ಲಿಸಿದ ಮೇಲೂ ಆ ಕೆಲಸ ನಮ್ಮಂಥವರ ಮೇಲೆ ಇರುತ್ತದೆ. ಆದ್ದರಿಂದ ನನ್ನ ವಿನಂತಿ ಇಷ್ಟೇ: ಒಂದು ಕಮಿಟ್ಟಿನಲ್ಲಿ ಒಂದೇ ತಿದ್ದುಪಡಿ ಇರಲಿ. ಅರ್ಕಾವತ್ತಿನ ತಿದ್ದುಪಡಿ, ಸಾಲುಗಳ ಅಂತರ ಸರಿಮಾಡಿದ್ದು, ವೇರಿಯಬಲ್ ಹೆಸರು ಬದಲಿಸಿದ್ದು ಮೂರೂ ಒಂದೇ ಕಮಿಟ್ಟಿನಲ್ಲಿ ಬಂದರೆ ಅದನ್ನು ಬಿಡಿಸುವುದಕ್ಕೆ ನನಗೆ ಒಂದು ಸಂಜೆ ಬೇಕು, ಬಿಡಿಸುವಾಗ ನಾನೇ ಹೊಸ ತಪ್ಪು ಮಾಡುವ ಸಾಧ್ಯತೆಯೂ ಇದೆ.

ಎರಡನೆಯದು, ಹಳೆಯ ಬ್ರಾಂಚಿನಲ್ಲಿ ತಪ್ಪು ಇಲ್ಲದಿದ್ದರೂ ಅದನ್ನು ಹೇಳಬೇಕು. 2014ರ ಏಪ್ರಿಲ್‌ನಲ್ಲಿ, ಜಾಲ ಸಂಪರ್ಕಗಳನ್ನು ಗೂಢಲಿಪಿಯಿಂದ ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ 1.0.1ರಿಂದ 1.0.1ಎಫ್ ವರೆಗಿನ ಆವೃತ್ತಿಗಳು ಅಪಾಯದಲ್ಲಿದ್ದವು, 1.0.1ಜಿ ಬಂದು ಸರಿಯಾಯಿತು. ಅದಕ್ಕಿಂತ ಹಳೆಯ 1.0.0 ಮತ್ತು 0.9.8 ಬ್ರಾಂಚುಗಳಲ್ಲಿ ಆ ದೋಷವಿರುವ ಕೋಡೇ ಇರಲಿಲ್ಲ. ಆ ದಿನ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ‘ನಿಮ್ಮ ಬ್ರಾಂಚಿಗೆ ತೊಂದರೆಯಿಲ್ಲ’ ಎಂಬ ಒಂದು ಸಾಲು ಪ್ಯಾಚಿನಷ್ಟೇ ಬೆಲೆಯುಳ್ಳದ್ದಾಗಿತ್ತು. 2.xನಲ್ಲಿ ತಪ್ಪು ಸಿಕ್ಕಾಗಲೆಲ್ಲ 1.xನಲ್ಲಿ ಅದು ಇದೆಯೋ ಇಲ್ಲವೋ ಪರೀಕ್ಷಿಸಿ, ಫಲಿತಾಂಶವನ್ನು ಬದಲಾವಣೆಗಳ ಪಟ್ಟಿಯಲ್ಲಿ ಬರೆಯಿರಿ. ಹಳೆಯ ಬ್ರಾಂಚು ಬದುಕಿದೆ ಎಂದು ಹೇಳುವುದರ ಅರ್ಥ ನನ್ನ ದೃಷ್ಟಿಯಲ್ಲಿ ಇದೇ.

ಇನ್ನು ಅಂತಿಮ ದಿನಾಂಕ. ಅದೇ ಓಪನ್‌ಎಸ್‌ಎಸ್‌ಎಲ್ 1.1.1 ಆವೃತ್ತಿ 2018ರ ಸೆಪ್ಟೆಂಬರ್ 11ರಂದು ಬಂತು, ಐದು ವರ್ಷದ ಬೆಂಬಲ ಮುಗಿದು 2023ರ ಸೆಪ್ಟೆಂಬರ್ 11ರಂದು ನಿಂತಿತು. ದಿನ ಮೊದಲೇ ಗೊತ್ತಿದ್ದರೆ ಬಳಕೆದಾರರು ತಮ್ಮ ಕೆಲಸವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ. ನೀವೂ ತಿಂಗಳು, ದಿನ ಸಮೇತ ಬರೆಯಿರಿ. ‘ಸದ್ಯಕ್ಕೆ ಬೆಂಬಲವಿದೆ’ ಎಂಬ ಮಾತನ್ನು ದಯವಿಟ್ಟು ಬರೆಯಬೇಡಿ.

ಅಕ್ಷರಜೋಡಣೆ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಜನವರಿ ಮತ್ತು ಜುಲೈ ಎಂಬ ಸಲಹೆಯನ್ನು ಗೆಳೆಯರಿಬ್ಬರೂ ಒಪ್ಪಿದ್ದಾರೆ. ಒಂದು ಕಡೆ ಮಾತ್ರ ನಾವು ಸಿಕ್ಕಿಹಾಕಿಕೊಂಡಿದ್ದೇವೆ. ಒಂದು ಪ್ರಕಾಶನ ಸಂಸ್ಥೆಯವರ ಪುಟವಿನ್ಯಾಸದ ಸ್ಕ್ರಿಪ್ಟುಗಳೆಲ್ಲ 1.xನ ಫಂಕ್ಷನ್ನನ್ನೇ ಕರೆಯುತ್ತವೆ. ಅವುಗಳನ್ನು ಬರೆದುಕೊಟ್ಟವರು ಈಗ ಅಲ್ಲಿಲ್ಲ. ಇನ್ನೆರಡು ವರ್ಷವಾದರೂ 1.x ಇರಲಿ ಎಂದು ಅವರು ಕೇಳುತ್ತಿದ್ದಾರೆ. ನಮ್ಮಲ್ಲಿ 1.xನ ಕೋಡನ್ನು ಈಗಲೂ ಚೆನ್ನಾಗಿ ಬಲ್ಲವಳು ನಾನೊಬ್ಬಳೇ. ಎರಡು ವರ್ಷ ಎಂದು ಮಾತು ಕೊಡುವುದಕ್ಕೆ ಧೈರ್ಯ ಬರುತ್ತಿಲ್ಲ, ಇಲ್ಲ ಎನ್ನುವುದಕ್ಕೂ ಮನಸ್ಸಿಲ್ಲ.

ಉತ್ತರ: ಅನುವಾದಕಿ

ವಿಷಯದ ನಡುವೆ ಬರುತ್ತಿದ್ದೇನೆ, ಆದರೆ ವೇಳಾಪಟ್ಟಿ ಈಗಷ್ಟೇ ರೂಪುಗೊಳ್ಳುತ್ತಿರುವುದರಿಂದ ಇದನ್ನು ಈಗಲೇ ಹೇಳುವುದು ಒಳ್ಳೆಯದು. ನಿಮ್ಮ ಲೈಬ್ರರಿಯ ಜೊತೆಗೆ ಕಿಟಕಿಯಿರುವ ಒಂದು ಪುಟ್ಟ ಅಪ್ಲಿಕೇಶನ್ನೂ ಇದ್ದು ಅದರ ಸಂದೇಶಗಳು ಬೇರೆ ಭಾಷೆಗಳಿಗೆ ಅನುವಾದವಾಗುತ್ತಿದ್ದರೆ, ಬಿಡುಗಡೆಗೆ ಕೆಲವು ವಾರ ಮೊದಲೇ ಸಂದೇಶಗಳನ್ನು ಬದಲಿಸುವುದನ್ನು ನಿಲ್ಲಿಸಿ. ಲಿನಕ್ಸ್‌ನ ಡೆಸ್ಕ್‌ಟಾಪ್ ತಂತ್ರಾಂಶವಾದ ಗ್ನೋಮ್ ಆರು ತಿಂಗಳಿಗೊಮ್ಮೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಬಿಡುಗಡೆಯಾಗುತ್ತದೆ; ಅದರ ವೇಳಾಪಟ್ಟಿಯಲ್ಲಿ ಸ್ಟ್ರಿಂಗ್ ಫ್ರೀಜ್ ಎಂಬ ದಿನವೇ ಇದೆ, ಅದರ ನಂತರ ಒಂದು ಪದ ಬದಲಿಸಬೇಕಾದರೂ ಅನುವಾದದ ತಂಡದ ಒಪ್ಪಿಗೆ ಬೇಕು.

ನಾನು ಕನ್ನಡಕ್ಕೆ ಅನುವಾದಿಸುತ್ತಿದ್ದ ಒಂದು ತಂತ್ರಾಂಶದಲ್ಲಿ ಸಣ್ಣ ತಿದ್ದುಪಡಿಯ ಬಿಡುಗಡೆಯೊಂದರಲ್ಲಿ ಯಾರೋ ದೋಷದ ಸಂದೇಶಗಳ ಇಂಗ್ಲಿಷ್ ವಾಕ್ಯಗಳನ್ನು ತಿದ್ದಿದರು. ವಾಕ್ಯ ಬದಲಾದ ಕೂಡಲೇ ಹಳೆಯ ಅನುವಾದ ಹೊಂದುವುದಿಲ್ಲ. ಕನ್ನಡದಲ್ಲೇ ಎಲ್ಲವನ್ನೂ ಓದುತ್ತಿದ್ದ ಬಳಕೆದಾರರಿಗೆ, ಏನೋ ತಪ್ಪಾಗಿದೆ ಎಂದು ಹೇಳಬೇಕಾದ ಆ ಗಳಿಗೆಯಲ್ಲೇ ಪರದೆಯ ಮೇಲೆ ಇಂಗ್ಲಿಷ್ ಕಾಣಿಸಿತು. ಹಳೆಯ ಬ್ರಾಂಚಿನಲ್ಲಿ ಸಂದೇಶಗಳನ್ನು ಮುಟ್ಟುವುದೇ ಇಲ್ಲ ಎಂಬ ನಿಯಮವನ್ನು ದಯವಿಟ್ಟು ಸೇರಿಸಿಕೊಳ್ಳಿ.

ಉತ್ತರ: ಮಲೆನಾಡಿಗ

ಅನುವಾದಕಿ ಅವರು ಹೇಳಿದ್ದು ನನಗೆ ಹೊಳೆದಿರಲಿಲ್ಲ; ನಾಲ್ಕು ವಾರದ ಆ ಅವಧಿ ಅನುವಾದಕ್ಕೂ ಹೊಂದುತ್ತದೆ.

ಪ್ರಕಾಶನದವರ ವಿಷಯ. ಬ್ರಾಂಚುಗಳ ಸಂಖ್ಯೆಯನ್ನು ಕೈಗಳ ಸಂಖ್ಯೆ ನೋಡಿ ನಿರ್ಧರಿಸಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ವರ್ಷಕ್ಕೊಂದು ದೊಡ್ಡ ಆವೃತ್ತಿ ತಂದು ಪ್ರತಿಯೊಂದಕ್ಕೂ ಐದು ವರ್ಷ ಬೆಂಬಲ ಕೊಡುತ್ತದೆ, ಎಂದರೆ ಐದು ಬ್ರಾಂಚುಗಳು ಸದಾ ಜೀವಂತ. ಅದಕ್ಕೆ ತಕ್ಕ ಜನಬಲ ಅಲ್ಲಿದೆ. ಕರ್ನಲ್‌ನ ದೀರ್ಘಾವಧಿ ಬ್ರಾಂಚುಗಳನ್ನು ಒಂದು ಹಂತದಲ್ಲಿ ಆರು ವರ್ಷಗಳವರೆಗೂ ನಡೆಸುತ್ತಿದ್ದರು, ಹೊಸ ಬ್ರಾಂಚುಗಳಿಗೆ ಅದನ್ನು ಎರಡು ವರ್ಷಕ್ಕೆ ಇಳಿಸುವುದಾಗಿ 2023ರಲ್ಲಿ ಹೇಳಿದರು. ಅಷ್ಟು ದೊಡ್ಡ ಸಮುದಾಯವೇ ಹೊರೆ ಇಳಿಸಿಕೊಳ್ಳುವಾಗ, 1.xನ ಕೋಡು ಒಬ್ಬರಿಗೇ ಗೊತ್ತಿರುವ ನಿಮ್ಮ ತಂಡ ಎರಡು ವರ್ಷದ ಮಾತು ಕೊಡಬಾರದು. ನಿಮಗೆ ಜ್ವರ ಬಂದರೆ ಆ ಮಾತು ಮುರಿಯುತ್ತದೆ.

ಹಾಗೆಂದು ಅವರ ಕೈಬಿಡಬೇಕಾಗಿಯೂ ಇಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2.7 ಬಂದದ್ದು 2010ರಲ್ಲಿ. 2015ಕ್ಕೆ ಮುಗಿಯಬೇಕಿದ್ದ ಅದರ ಬೆಂಬಲವನ್ನು 2014ರಲ್ಲಿ 2020ರವರೆಗೆ ವಿಸ್ತರಿಸಿದರು, ಕೊನೆಯ 2.7.18 ಬಂದದ್ದು 2020ರ ಏಪ್ರಿಲ್‌ನಲ್ಲಿ. ಅವಧಿ ವಿಸ್ತರಿಸಿದ್ದನ್ನಷ್ಟೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು 2012ರ ಪೈಥಾನ್ 3.3ರಲ್ಲಿ ಅವರು ಮಾಡಿದ ಒಂದು ಸಣ್ಣ ಕೆಲಸ: 3.0ರಲ್ಲಿ ತೆಗೆದುಹಾಕಿದ್ದ, ಪಠ್ಯದ ಮುಂದೆ ‘ಯು’ ಅಕ್ಷರ ಹಾಕುವ ಹಳೆಯ ಬರವಣಿಗೆಯನ್ನು ಮತ್ತೆ ಒಪ್ಪಿಕೊಂಡದ್ದು. ಅದರಿಂದ ಹೊಸ ಸೌಲಭ್ಯವೇನೂ ಸಿಗಲಿಲ್ಲ, ಆದರೆ ಒಂದೇ ಕೋಡು ಎರಡೂ ಆವೃತ್ತಿಗಳಲ್ಲಿ ಓಡುವುದು ಸುಲಭವಾಯಿತು, ಜನ ದಾಟುವುದಕ್ಕೆ ಸಂಕ (ಕಾಲುಸೇತುವೆ) ಸಿಕ್ಕಿತು.

ನೀವೂ ಅಂಥದೊಂದು ಸಂಕ ಹಾಕಿ. 1.xನ ಫಂಕ್ಷನ್ ಹೆಸರನ್ನೇ ಇಟ್ಟುಕೊಂಡು, ಒಳಗೆ 2.xನ ಫಂಕ್ಷನ್ನನ್ನು ಕರೆದು, ಬರೀ ಪಠ್ಯವನ್ನು ಹಿಂದಿರುಗಿಸುವ ತೆಳುವಾದ ಹೊದಿಕೆಯನ್ನು ಜುಲೈ ಬಿಡುಗಡೆಯಲ್ಲಿ ಸೇರಿಸಿ. ನಾನ್ ಜಾಯ್ನರ್‌ನ ಹಳೆಯ ನಡವಳಿಕೆಯನ್ನು ಆಯ್ಕೆಯಾಗಿ ಉಳಿಸಿಕೊಡಿ. ಪ್ರಕಾಶನದವರು ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬದಲಿಸಿದರೆ ಸಾಕಾಗುತ್ತದೆ. 1.xಗೆ ಅಲ್ಲಿಂದ ಒಂದು ವರ್ಷ ಕೊಡಿ, ಅದೂ ತಪ್ಪು ಪರಿವರ್ತನೆ ಮತ್ತು ಭದ್ರತೆಯ ವಿಷಯಗಳಿಗೆ ಮಾತ್ರ. ಅದಕ್ಕೂ ಮೀರಿ ಬೇಕೆಂದರೆ, ಕೆಲಸ ಮಾಡುವ ಒಬ್ಬರನ್ನು ಅವರೇ ಕಳಿಸಿಕೊಡಲಿ. ನೀವು ಕಲಿಸಿಕೊಡಿ, ಬ್ರಾಂಚಿನ ಕೀಲಿ ಕೊಡಿ.

ಅಕ್ಷರಜೋಡಣೆ

ನಿನ್ನೆ ರಾತ್ರಿ ಮೂವರೂ ಕೂತು ಮಾತಾಡಿದೆವು. 1.xನ ಕೊನೆಯ ದಿನ ಮುಂದಿನ ವರ್ಷದ ಜುಲೈ 31 ಎಂದು ರೀಡ್‌ಮಿ ಕಡತದ ಮೊದಲ ಸಾಲಿನಲ್ಲೇ ಬರೆದಿದ್ದೇವೆ. ಸಾಮರ್ಥ್ಯ, ವಿದ್ಯಾರ್ಥಿ, ಅರ್ಘ್ಯ, ವೈಶಿಷ್ಟ್ಯ, ಸ್ವಾತಂತ್ರ್ಯ, ರಾಜ್‌ಕುಮಾರ್ ಎಂಬ ಆರು ಪದಗಳಿಂದ ಶುರುಮಾಡಿ, ಪ್ರತಿ ಪದದಿಂದ ಹೊರಬರಬೇಕಾದ ಕೋಡ್ ಪಾಯಿಂಟುಗಳನ್ನು ಪಟ್ಟಿಮಾಡಿದ ಪರೀಕ್ಷಾ ಕಡತವೊಂದನ್ನು ಎರಡೂ ಬ್ರಾಂಚುಗಳಿಗೆ ಸೇರಿಸಿದ್ದೇವೆ. ಕೊನೆಯ ಪದದ ಸಾಲು ಮಾತ್ರ ಎರಡು ಬ್ರಾಂಚುಗಳಲ್ಲಿ ಬೇರೆ ಬೇರೆಯಾಗಿದೆ, ಏಕೆ ಎಂಬುದನ್ನೂ ಅಲ್ಲೇ ಬರೆದಿದ್ದೇವೆ. ನಾನ್ ಜಾಯ್ನರ್ ಹಿಂದಿನಂತೆಯೇ ಇರುವ 1.9.4 ಈ ಶನಿವಾರ ಬರುತ್ತದೆ. ಗ್ರಂಥಾಲಯದವರಿಗೆ ನಾನೇ ಫೋನ್ ಮಾಡಿ ವಿಷಯ ತಿಳಿಸಿದ್ದೇನೆ, 1.9.3ರಲ್ಲಿ ಪರಿವರ್ತಿಸಿದ ಪುಸ್ತಕಗಳನ್ನು ಮತ್ತೊಮ್ಮೆ ಪರಿವರ್ತಿಸುವುದಕ್ಕೆ ಭಾನುವಾರ ಅವರಲ್ಲಿಗೇ ಹೋಗುತ್ತಿದ್ದೇನೆ. ಪ್ಯಾಕೇಜು ಕಟ್ಟುವವರು ಬಿಡುವಾದಾಗ 1.9.4ರ ಕಮಿಟ್ಟುಗಳನ್ನೊಮ್ಮೆ ನೋಡಿ, ಬಿಡಿಸಿಕೊಳ್ಳಲು ಸುಲಭವಾಗಿವೆಯೇ ಎಂದು ತಿಳಿಸಬೇಕಾಗಿ ವಿನಂತಿ.